ಲೆಕ್ಕ ಸರಿ ಇದೆ, ಈಗ ಅಜ್ಜಿಗೆ ಹೇಳು

ಒಂದು ಹಾಳೆ. ಹತ್ತು ಸಾಲು. ಕನ್ನಡದಲ್ಲಿ. ಒಂದೂ ಸೂತ್ರ ಇರಬಾರದು.

ಬೋರ್ಡಿನ ಮೇಲೆ ಇಷ್ಟು ಬರೆದು ತಿರುಗಿದೆ. ತರಗತಿಯಲ್ಲಿ ಗುಸುಗುಸು ಶುರುವಾಗಿತ್ತು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು, "ಮೇಡಂ, ಇದು ಸ್ಟ್ಯಾಟಿಸ್ಟಿಕ್ಸ್ ಪೀರಿಯಡ್ ಅಲ್ವಾ?"

ಸ್ಟ್ಯಾಟಿಸ್ಟಿಕ್ಸ್ ಪೀರಿಯಡ್ಡೇ. ನಾನು ಶಿವಮೊಗ್ಗ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಅವತ್ತಿನ ಲೆಕ್ಕಕ್ಕೆ ಸಂಖ್ಯೆಗಳನ್ನು ಪುಸ್ತಕದಿಂದ ತೆಗೆದುಕೊಂಡಿರಲಿಲ್ಲ. ಮುಂದಿನ ಎರಡು ಬೆಂಚುಗಳ ಒಂಬತ್ತು ಮಕ್ಕಳನ್ನು, ಮನೆಯಿಂದ ಕಾಲೇಜಿಗೆ ಬರಲು ಎಷ್ಟು ನಿಮಿಷ ಬೇಕು ಅಂತ ಕೇಳಿದ್ದೆ. 10, 10, 15, 15, 15, 20, 20, 80, 85. ಕೊನೆಯ ಇಬ್ಬರು ದೂರದ ಹಳ್ಳಿಯವರು. ಬೆಳಿಗ್ಗೆ ಒಂದು ಬಸ್ಸು ಹಿಡಿದು, ಕ್ರಾಸಿನಲ್ಲಿ ಇಳಿದು, ಇನ್ನೊಂದಕ್ಕೆ ಕಾದು ಬರುವವರು.

ಕೂಡಿದರೆ 270. ಒಂಬತ್ತರಿಂದ ಭಾಗಿಸಿದರೆ 30. ಅರ್ಧ ನಿಮಿಷದಲ್ಲಿ ಎಲ್ಲರಿಗೂ ಉತ್ತರ ಬಂತು. ಆಮೇಲೆ ನಾನು ಕೇಳಿದ್ದು ಇಷ್ಟು: ಈ 30 ನಿಮಗೆ ಏನು ಹೇಳುತ್ತಿದೆ, ಅದನ್ನು ಬರೆಯಿರಿ.

ಸಂಜೆ ಮನೆಗೆ ತಂದು ಓದಿದೆ. ಅರ್ಧಕ್ಕಿಂತ ಹೆಚ್ಚು ಹಾಳೆಗಳಲ್ಲಿ ಹೆಚ್ಚುಕಡಿಮೆ ಒಂದೇ ವಾಕ್ಯ ಇತ್ತು. "ಹೆಚ್ಚಿನ ವಿದ್ಯಾರ್ಥಿಗಳು ಕಾಲೇಜಿಗೆ ಬರಲು 30 ನಿಮಿಷ ತೆಗೆದುಕೊಳ್ಳುತ್ತಾರೆ."

30 ನಿಮಿಷ ತೆಗೆದುಕೊಳ್ಳುವವರು ಆ ಒಂಬತ್ತು ಜನರಲ್ಲಿ ಒಬ್ಬರೂ ಇಲ್ಲ. ಏಳು ಜನ 20 ನಿಮಿಷದೊಳಗೆ ಬರುತ್ತಾರೆ. ಇಬ್ಬರಿಗೆ 80 ಇಲ್ಲವೇ ಅದಕ್ಕಿಂತ ಹೆಚ್ಚು ಬೇಕು. ಲೆಕ್ಕ ಸರಿ, ವಾಕ್ಯ ಸುಳ್ಳು. ಬರೀ 30 ಅನ್ನೋ ಉತ್ತರಕ್ಕೆ ಅಂಕ ಕೊಟ್ಟು ಕಳಿಸಿದ್ದರೆ ಈ ಮಕ್ಕಳು ಸರಾಸರಿ ಅಂದರೆ 'ಹೆಚ್ಚಿನವರು' ಅಂದುಕೊಂಡಿದ್ದಾರೆ ಎಂದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಎಷ್ಟೋ ವರ್ಷ ಹಾಗೇ ಅಂಕ ಕೊಟ್ಟು ಕಳಿಸಿದ್ದೇನೆ. ಆ ಮಕ್ಕಳೆಲ್ಲ ಈಗ ಎಲ್ಲೋ ಕೆಲಸದಲ್ಲಿದ್ದಾರೆ. ಅವರನ್ನು ನೆನೆದು ಆ ರಾತ್ರಿ ಮನಸ್ಸು ಸ್ವಲ್ಪ ಭಾರವಾಯಿತು.

ಮಾರನೇ ದಿನ ಆ ವಾಕ್ಯವನ್ನು ಬೋರ್ಡಿನ ಮೇಲೆ ಬರೆದು, "ಈ 30 ನಿಮಿಷದ ವಿದ್ಯಾರ್ಥಿ ಯಾರು, ತೋರಿಸಿ" ಅಂದೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ರಾಸಿನಲ್ಲಿ ಬಸ್ಸು ಬದಲಿಸಿ ಬರುವ ಹುಡುಗ ಮೆಲ್ಲಗೆ ಹೇಳಿದ, "ಅದರಲ್ಲಿ ನಾವೂ ಇಲ್ಲ ಮೇಡಂ, ಅವರೂ ಇಲ್ಲ." ಎರಡನೇ ಸಲ ಬರೆದಾಗ ಅವನ ಹಾಳೆಯಲ್ಲಿ ಹೀಗಿತ್ತು: "ನಮ್ಮಲ್ಲಿ ಏಳು ಜನ ಹತ್ತಿರದವರು, ಇಬ್ಬರು ದೂರದವರು. ಎಲ್ಲರ ಸಮಯ ಕೂಡಿಸಿ ಸಮನಾಗಿ ಹಂಚಿದರೆ ತಲೆಗೆ 30 ನಿಮಿಷ ಬರುತ್ತದೆ. ಆದರೆ ಬಸ್ಸಿನಲ್ಲಿ ಕೂರುವ ಸಮಯವನ್ನು ಹಾಗೆ ಹಂಚಿಕೊಳ್ಳಲು ಆಗುವುದಿಲ್ಲ."

ನಾನು ಇಪ್ಪತ್ತು ವರ್ಷದಿಂದ ಸರಾಸರಿ ಕಲಿಸುತ್ತಿದ್ದೇನೆ. ಅದನ್ನು ಇಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಬರೆಸುವ ಈ ಅಭ್ಯಾಸ ಶುರುವಾಗಿದ್ದು ಕಾಲೇಜಿನಲ್ಲಲ್ಲ, ನಮ್ಮ ಮನೆಯಲ್ಲಿ. ಕೆಲವು ವರ್ಷಗಳ ಹಿಂದೆ ಅಪ್ಪನಿಗೆ ದೊಡ್ಡ ಕಾಯಿಲೆ ಬಂತು. ಡಾಕ್ಟರು ವರದಿ ನೋಡಿ, ಇಂಥ ಕಾಯಿಲೆಯಲ್ಲಿ ಐದು ವರ್ಷ ಬದುಕುವ ಸಾಧ್ಯತೆ ನೂರಕ್ಕೆ 60 ಅಂದರು. ಅಮ್ಮ ಏನೂ ಕೇಳಲಿಲ್ಲ. ಮನೆಗೆ ಬಂದ ಮೇಲೆ ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಕೇಳಿದರು. "ನೀನು ಇದನ್ನೇ ಅಲ್ವಾ ಪಾಠ ಮಾಡೋದು? 60 ಅಂದ್ರೆ ಏನು? ಅಪ್ಪ ಮೂರು ವರ್ಷ ಇರ್ತಾರೆ ಅಂತನಾ?"

ಐದು ವರ್ಷದಲ್ಲಿ ನೂರಕ್ಕೆ 60 ಅಂದರೆ ಮೂರು ವರ್ಷ. ಅಮ್ಮ ಮಾಡಿದ ಲೆಕ್ಕ ಅದು. ಅದು ಹಾಗಲ್ಲ ಅಂತ ನನಗೆ ಗೊತ್ತಿತ್ತು. ಆದರೆ ಹೇಗೆ ಅಂತ ಹೇಳಲು ಬಾಯಿ ತೆರೆದರೆ ಪಾಠದ ಇಂಗ್ಲಿಷ್ ಪದಗಳೇ ಬಂದವು. ಎಂ.ಎಸ್ಸಿ. ಮಾಡಿದ್ದೆ, ಸೂತ್ರಗಳು ಬಾಯಿಗೆ ಬರುತ್ತಿದ್ದವು, ನನ್ನ ತಾಯಿಗೆ ಒಂದು ಸಂಖ್ಯೆಯ ಅರ್ಥ ಹೇಳಲು ಆಗಲಿಲ್ಲ.

ಆ ರಾತ್ರಿ ನೋಟ್‌ಬುಕ್ ತೆಗೆದು ಬರೆಯಲು ಕೂತೆ. ಮೂರು ಸಲ ಬರೆದು ಹರಿದೆ. ನಾಲ್ಕನೆಯದು ಹೀಗಿತ್ತು: "ಅಪ್ಪನಿಗೆ ಬಂದ ಕಾಯಿಲೆಯೇ ಬಂದ ನೂರು ಜನರನ್ನು ಒಂದು ಬಯಲಿನಲ್ಲಿ ನಿಲ್ಲಿಸಿದ್ದಾರೆ ಅಂದುಕೋ. ಐದು ವರ್ಷ ಬಿಟ್ಟು ಅದೇ ಬಯಲಿಗೆ ಹೋದರೆ ಸುಮಾರು 60 ಜನ ಇರುತ್ತಾರೆ, 40 ಜನ ಇರುವುದಿಲ್ಲ. ಅಪ್ಪ ಯಾವ ಕಡೆ ಇರುತ್ತಾರೆ ಅಂತ ಈ ಸಂಖ್ಯೆಗೆ ಗೊತ್ತಿಲ್ಲ." ಬೆಳಿಗ್ಗೆ ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಆ ನೂರು ಜನ ಯಾರು? ಎಲ್ಲರಿಗೂ ಅಪ್ಪನಷ್ಟೇ ವಯಸ್ಸಾ? ಎಲ್ಲರಿಗೂ ಸಕ್ಕರೆ ಕಾಯಿಲೆ ಇತ್ತಾ?"

ಅಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ಅವರು ಕೇಳಿದ್ದು ಸಂಖ್ಯಾಶಾಸ್ತ್ರದ ಬುಡದಲ್ಲಿರುವ ಪ್ರಶ್ನೆ. ಒಂದು ಸಂಖ್ಯೆ ಯಾರಿಂದ ಬಂತು, ಅವರು ನಮ್ಮ ಹಾಗೆ ಇದ್ದರಾ? ಸರಿಯಾದ ವಾಕ್ಯ ಸಿಕ್ಕಿದ ಕೂಡಲೇ ಸರಿಯಾದ ಪ್ರಶ್ನೆಯೂ ಬಂತು. ಮಾರನೇ ವಾರ ಡಾಕ್ಟರ ಹತ್ತಿರ ಆ ಪ್ರಶ್ನೆಯನ್ನೇ ಕೇಳಿದೆವು. ಅಪ್ಪ ಆಮೇಲೆ ನಾಲ್ಕು ವರ್ಷ ಇದ್ದರು.

ಇದಾದ ಮೇಲೆ ಉತ್ತರ ಪತ್ರಿಕೆ ನೋಡುವ ನನ್ನ ಕಣ್ಣು ಬದಲಾಯಿತು. ಪರೀಕ್ಷೆಯಲ್ಲಿ ಟಿ-ಟೆಸ್ಟ್ ಲೆಕ್ಕ (ಎರಡು ಗುಂಪುಗಳ ಸರಾಸರಿಯ ವ್ಯತ್ಯಾಸ ಬರೀ ಅದೃಷ್ಟದಿಂದ ಬಂದದ್ದಾ ಅಂತ ನೋಡುವುದು) ಬಂದರೆ ಕೊನೆಯ ಸಾಲು ಎಲ್ಲರದ್ದೂ ಒಂದೇ: "ದೇರ್‌ಫೋರ್ ವಿ ರಿಜೆಕ್ಟ್ ದಿ ನಲ್ ಹೈಪಾಥಿಸಿಸ್." ಅಂದರೆ, ವ್ಯತ್ಯಾಸವೇ ಇಲ್ಲ ಅನ್ನೋ ಊಹೆಯನ್ನು ಕೈಬಿಡುತ್ತೇವೆ ಅಂತ. ಗೈಡಿನಲ್ಲಿ ಹಾಗಿದೆ, ಕಂಠಪಾಠ ಮಾಡಿದ್ದಾರೆ, ಅಂಕ ಸಿಗುತ್ತದೆ. ಲೆಕ್ಕದಲ್ಲಿದ್ದದ್ದು ಎರಡು ಬಗೆಯ ಗೊಬ್ಬರ. ಹಾಗಾದರೆ ರೈತ ಯಾವ ಗೊಬ್ಬರ ಹಾಕಬೇಕು ಅಂತ ಕೇಳಿದರೆ ತರಗತಿ ಮೌನ. ಮನೆಯಲ್ಲಿ ಗೊಬ್ಬರದ ಬಗ್ಗೆ ದಿನವೂ ಮಾತಾಡುವ ಮಕ್ಕಳು ಇವರು.

ಅದಕ್ಕೇ ಕನ್ನಡದಲ್ಲಿ ಬರೆಸುತ್ತೇನೆ. ಪರೀಕ್ಷೆ ಇಂಗ್ಲಿಷಿನಲ್ಲೇ ನಡೆಯುತ್ತದೆ, ಅದಕ್ಕೂ ತಯಾರು ಮಾಡಬೇಕು, ಮಾಡುತ್ತೇನೆ. ಆದರೆ ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಗೈಡಿನ ವಾಕ್ಯ ಬರುತ್ತದೆ. ಕನ್ನಡದಲ್ಲಿ ಬರೆಯಿರಿ ಅಂದರೆ ಗೈಡು ಇಲ್ಲ. ತಾನೇ ಯೋಚಿಸಿ ಬರೆಯಬೇಕು. ಆಗ ತೂತು ಎಲ್ಲಿದೆ ಅಂತ ಅವರಿಗೂ ಕಾಣುತ್ತದೆ, ನನಗೂ ಕಾಣುತ್ತದೆ.

ಪದಗಳಲ್ಲೇ ಎಷ್ಟೋ ತೊಡಕು ಅಡಗಿರುತ್ತದೆ. ರ‍್ಯಾಂಡಮ್ ಅನ್ನೋ ಪದ ನೋಡಿ. ಒಬ್ಬ ಹುಡುಗ ಸರ್ವೆ ಮಾಡಿಕೊಂಡು ಬಂದು "ಬಸ್ ಸ್ಟ್ಯಾಂಡಿನಲ್ಲಿ ರ‍್ಯಾಂಡಮ್ ಆಗಿ 20 ಜನರನ್ನು ಆರಿಸಿದೆ" ಅಂತ ಬರೆದಿದ್ದ. ಹೇಗೆ ಆರಿಸಿದೆ, ಮೊದಲನೆಯವರಿಂದ ಇಪ್ಪತ್ತನೆಯವರ ತನಕ ಒಂದು ಪುಟ ಬರೆದುಕೊಂಡು ಬಾ ಅಂದೆ. ಬರೆದ. ಮೊದಲ ಎಂಟು ಜನ ಅವನ ಗೆಳೆಯರು. ಆಮೇಲೆ ಗಡಿಬಿಡಿಯಲ್ಲಿಲ್ಲದವರು. ಹೆಂಗಸರನ್ನು ಕೇಳಲು ನಾಚಿಕೆಯಾಗಿ ಕೇಳಿರಲಿಲ್ಲ. ಪುಟದ ಕೊನೆಗೆ ಅವನೇ ಬರೆದಿದ್ದ, "ಇದು ರ‍್ಯಾಂಡಮ್ ಅಲ್ಲ, ಕೈಗೆ ಸಿಕ್ಕವರು." ಪಠ್ಯದ ಕನ್ನಡ ಪದ 'ಯಾದೃಚ್ಛಿಕ'. ಅದನ್ನು ಹೇಳಿದರೆ ಯಾರಿಗೂ ಏನೂ ಹೊಳೆಯುವುದಿಲ್ಲ. 'ಚೀಟಿ ಎತ್ತುವುದು' ಅಂದರೆ ಹೊಳೆಯುತ್ತದೆ. ಎಲ್ಲರ ಹೆಸರೂ ಡಬ್ಬಿಯಲ್ಲಿರಬೇಕು, ಎತ್ತುವವರಿಗೆ ಯಾವ ಚೀಟಿ ಅಂತ ಕಾಣಬಾರದು. ಊರಿನಲ್ಲಿ ಚೀಟಿ ನಡೆಸುವ ಯಾರನ್ನು ಕೇಳಿದರೂ ಈ ನಿಯಮ ಹೇಳುತ್ತಾರೆ.

'ಸಿಗ್ನಿಫಿಕೆಂಟ್' ಇನ್ನೂ ಕಷ್ಟ. ಮಹತ್ವದ ಅಂತ ಅನುವಾದ ಮಾಡಿದ ತಕ್ಷಣ ಮಕ್ಕಳು "ತುಂಬಾ ದೊಡ್ಡ ವ್ಯತ್ಯಾಸ" ಅಂತ ಬರೆಯುತ್ತಾರೆ. ತುಂಬ ಜನರನ್ನು ಅಳೆದರೆ ಕೂದಲೆಳೆಯ ವ್ಯತ್ಯಾಸವೂ ಸಿಗ್ನಿಫಿಕೆಂಟ್ ಆಗಬಹುದು. ಕೊನೆಗೆ ತರಗತಿಯಲ್ಲಿ ಎಲ್ಲರೂ ಕೂತು ಒಂದು ವಾಕ್ಯ ಮಾಡಿಕೊಂಡೆವು: "ಬರೀ ಅದೃಷ್ಟದಿಂದ ಇಷ್ಟು ವ್ಯತ್ಯಾಸ ಬರೋದು ಅಪರೂಪ." ಉದ್ದವಾಯಿತು, ನಿಜ. ಆದರೆ ಆ ವಾಕ್ಯ ಬರೆದವರು ಯಾರೂ ಅದನ್ನು 'ದೊಡ್ಡದು' ಅಂತ ತಪ್ಪು ತಿಳಿಯಲಿಲ್ಲ.

ಏನು ಬರೆಯಲು ಹೇಳಬೇಕು ಅನ್ನೋದನ್ನು ಕಲಿಯಲು ನನಗೇ ಎರಡು ವರ್ಷ ಬೇಕಾಯಿತು. ಮೊದಲ ವರ್ಷ "ಮಾನಕ ವಿಚಲನೆಯ ಬಗ್ಗೆ ಒಂದು ಪುಟ ಬರೆಯಿರಿ" ಅಂದಿದ್ದೆ. ಸಂಖ್ಯೆಗಳು ಸರಾಸರಿಯಿಂದ ಎಷ್ಟು ದೂರ ಹರಡಿವೆ ಅನ್ನೋ ಅಳತೆ ಅದು. ಬಂದದ್ದೆಲ್ಲ ಗೈಡಿನ ಪುಟ. ತಪ್ಪು ನನ್ನದು. ಯಾರಿಗೆ ಬರೆಯಬೇಕು, ಯಾಕೆ ಬರೆಯಬೇಕು ಅಂತ ಹೇಳಿರಲಿಲ್ಲ. ಮುಂದಿನ ವರ್ಷ ಅದನ್ನೇ ಬೇರೆ ಥರ ಕೇಳಿದೆ. ಎರಡು ಬಸ್ಸು ಇವೆ. ಎರಡೂ ಸರಾಸರಿ 10 ನಿಮಿಷ ತಡ. ಒಂದು ದಿನವೂ 8ರಿಂದ 12 ನಿಮಿಷ ತಡವಾಗಿ ಬರುತ್ತದೆ. ಇನ್ನೊಂದು ಒಂದೊಂದು ದಿನ ಸಮಯಕ್ಕೆ ಸರಿಯಾಗಿ, ಒಂದೊಂದು ದಿನ 40 ನಿಮಿಷ ತಡ. ನಾಳೆ ತಮ್ಮನಿಗೆ ಪರೀಕ್ಷೆ. ಯಾವ ಬಸ್ಸಿಗೆ ಹೋಗು ಅಂತ ಹೇಳುತ್ತೀರಿ, ಯಾಕೆ, ಅವನಿಗೆ ಅರ್ಥವಾಗುವ ಹಾಗೆ ಬರೆಯಿರಿ. ಆಗ ಬಂದ ಹಾಳೆಗಳಲ್ಲಿ ಒಂದರಲ್ಲಿ ಈ ಸಾಲು ಇತ್ತು: "ಮೊದಲನೇ ಬಸ್ಸು ತಡ ಮಾಡುತ್ತದೆ, ಆದರೆ ಎಷ್ಟು ತಡ ಅಂತ ಗೊತ್ತು. ಅಷ್ಟು ಬೇಗ ಹೊರಟರೆ ಆಯಿತು. ಎರಡನೆಯದನ್ನು ನಂಬುವ ಹಾಗಿಲ್ಲ." ಮಾನಕ ವಿಚಲನೆಯಿಂದ ಬದುಕಿನಲ್ಲಿ ಏನು ಉಪಯೋಗ ಅನ್ನೋದು ಪೂರ್ತಿ ಇದರಲ್ಲಿದೆ.

ನನಗೆ ತುಂಬ ಇಷ್ಟವಾದ ಪತ್ರ ಅಡಿಕೆಯದ್ದು. ಅಡಿಕೆ ಬೆಳೆಗಾರರ ಮನೆಯ ಹುಡುಗಿ. ಶಿವಮೊಗ್ಗ ಎಪಿಎಂಸಿಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಒಂದೊಂದು ಬಗೆಗೂ ದಿನದ ಕನಿಷ್ಠ ಬೆಲೆ, ಗರಿಷ್ಠ ಬೆಲೆ, ಮೋಡಲ್ ಬೆಲೆ ಅಂತ ಹೊರಬರುತ್ತದೆ. ಅವಳ ಅಪ್ಪ ಗರಿಷ್ಠ ಬೆಲೆ ಮಾತ್ರ ನೋಡುತ್ತಿದ್ದರು. ತಮಗೆ ಅಷ್ಟು ಸಿಗದಿದ್ದಾಗ ಮೋಸ ಆಯಿತು ಅಂತ ಕೊರಗುತ್ತಿದ್ದರು. ಮೋಡ್‌ಗೆ ಶಾಲೆಯಲ್ಲಿ ಬಹುಲಕ ಅಂತಲೂ ರೂಢಿಬೆಲೆ ಅಂತಲೂ ಓದಿರುತ್ತೇವೆ, ಅತಿ ಹೆಚ್ಚು ಸಲ ಬರುವ ಸಂಖ್ಯೆ ಅದು. ಈ ಹುಡುಗಿಗೆ ರೂಢಿಬೆಲೆ ಅನ್ನೋ ಪದ ಮೊದಲ ಸಲ ನಿಜವಾಗಿ ಬೆಲೆಯಾಗಿ ಕಂಡಿತು. ಅವಳು ಬರೆದಳು: "ಅಪ್ಪಾ, ಗರಿಷ್ಠ ಬೆಲೆ ಅಂದರೆ ಅವತ್ತು ಎಲ್ಲರಿಗಿಂತ ಒಳ್ಳೆ ಮಾಲು ತಂದ ಯಾರೋ ಒಬ್ಬರಿಗೆ ಸಿಕ್ಕಿದ್ದು. ಅದನ್ನು ನೋಡಿ ಬೇಜಾರು ಮಾಡ್ಕೋಬೇಡ. ಜಾಸ್ತಿ ಮಾಲು ಯಾವ ಬೆಲೆಗೆ ಹೋಯ್ತು ಅನ್ನೋದು ಮೋಡಲ್ ಬೆಲೆ. ಅದಕ್ಕಿಂತ ಕಮ್ಮಿ ಹೇಳಿದರೆ ಮಾತ್ರ, ಯಾಕೆ ಅಂತ ಕೇಳು." ಪತ್ರವನ್ನು ಅಪ್ಪನಿಗೆ ನಿಜವಾಗಿಯೂ ಕೊಟ್ಟಳು. ಅವರು ಅದನ್ನು ಮಡಚಿ ಅಡಿಕೆ ಲೆಕ್ಕದ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾರಂತೆ.

ಎಲ್ಲ ಬರಹಕ್ಕೂ ಮನೆಯೇ ಬೇಕು ಅಂತಿಲ್ಲ. ಫ್ರಾನ್ಸಿಸ್ ಆನ್ಸ್‌ಕೂಂಬ್ ಅನ್ನೋ ಸಂಖ್ಯಾಶಾಸ್ತ್ರಜ್ಞ 1973ರಲ್ಲಿ ನಾಲ್ಕು ಪುಟ್ಟ ದತ್ತಾಂಶಗಳನ್ನು ಮಾಡಿ ತೋರಿಸಿದರು. ಒಂದೊಂದರಲ್ಲೂ 11 ಬಿಂದು. ನಾಲ್ಕರಲ್ಲೂ ಎಕ್ಸ್ ಸರಾಸರಿ 9, ವೈ ಸರಾಸರಿ 7.5, ಸಹಸಂಬಂಧ (ಎರಡೂ ಎಷ್ಟು ಜೊತೆಜೊತೆಯಾಗಿ ಏರಿಳಿಯುತ್ತವೆ ಅನ್ನೋ ಅಳತೆ) ಸುಮಾರು 0.816. ಸಂಖ್ಯೆ ನೋಡಿದರೆ ಅವಳಿ ಜವಳಿ. ಚಿತ್ರ ಬರೆದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಈ ಚಿತ್ರಗಳನ್ನು ಕೊಟ್ಟು, ಇವನ್ನು ನೋಡಲಾಗದ ಗೆಳೆಯನಿಗೆ ಫೋನಿನಲ್ಲಿ ಹೇಳುವ ಹಾಗೆ ಬರೆಯಿರಿ ಅಂದೆ. ಎರಡನೆಯದಕ್ಕೆ ಒಬ್ಬಳು "ಕಲ್ಲು ಮೇಲಕ್ಕೆ ಎಸೆದರೆ ಹೋಗಿ ಇಳಿಯುವ ದಾರಿ" ಅಂದಳು. ಮೂರನೆಯದಕ್ಕೆ ಇನ್ನೊಬ್ಬ, "ಎಲ್ಲರೂ ಪ್ರಾರ್ಥನೆಗೆ ಸಾಲಾಗಿ ನಿಂತಿದ್ದಾರೆ, ಒಬ್ಬ ಮಾತ್ರ ಸಾಲು ಬಿಟ್ಟು ಮೇಲೆ ಹೋಗಿದ್ದಾನೆ." ಅವತ್ತಿನಿಂದ ಅವರು ಚಿತ್ರ ಬರೆಯದೆ ಸಹಸಂಬಂಧ ಲೆಕ್ಕ ಹಾಕುವುದನ್ನು ಬಿಟ್ಟರು. ನಾನು ಹೇಳಬೇಕಾಗಲೇ ಇಲ್ಲ.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ.

ಹೈಪಾಥಿಸಿಸ್ ಪರೀಕ್ಷೆ, ಅಂದರೆ ಒಂದು ಊಹೆಯನ್ನು ದತ್ತಾಂಶ ಇಟ್ಟು ಪರೀಕ್ಷಿಸುವುದು, ಕಲಿಸುವಾಗ ನಾನು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಹೇಳಿದ ಚಹಾದ ಕಥೆಯಿಂದ ಶುರು ಮಾಡುತ್ತೇನೆ. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ ಇದ್ದರು. ಕಪ್ಪಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಕುಡಿದೇ ಹೇಳುತ್ತೇನೆ ಅಂದರು. ಫಿಶರ್ 1935ರ ಪುಸ್ತಕದಲ್ಲಿ ಇಂಥ ಪರೀಕ್ಷೆಯನ್ನು ವಿವರಿಸಿದರು. ಎಂಟು ಕಪ್, ನಾಲ್ಕು ಹೀಗೆ, ನಾಲ್ಕು ಹಾಗೆ, ಹಿಂದುಮುಂದು ಮಾಡಿ ಕೊಡುವುದು. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿ ಇವೆ. ಸುಮ್ನೆ ಊಹಿಸಿ ನಾಲ್ಕೂ ಸರಿ ಹೇಳುವುದು 70ರಲ್ಲಿ ಒಂದು ಸಲ.

ಪಾಠ ಮುಗಿದ ಮೇಲೆ ಒಬ್ಬಳು ಬಂದು ಹೇಳಿದಳು, "ಮೇಡಂ, ನಮ್ಮ ಅಜ್ಜಿಯೂ ಹೀಗೇ. ಕಾಫಿ ಕುಡಿದು ನಮ್ಮ ಹಸುವಿನ ಹಾಲಾ, ಪ್ಯಾಕೆಟ್ ಹಾಲಾ ಅಂತ ಹೇಳ್ತಾರೆ." ಮಾಡಿ ನೋಡು, ಆಮೇಲೆ ಫಲಿತಾಂಶವನ್ನು ಅಜ್ಜಿಗೇ ಪತ್ರ ಬರೆದು ಹೇಳು ಅಂದೆ.

ಅವಳು ಮಾಡಿದಳು. ಎಂಟು ಸ್ಟೀಲ್ ಲೋಟ, ಎಲ್ಲಕ್ಕೂ ಒಂದೇ ಡಿಕಾಕ್ಷನ್, ಒಂದೇ ಅಳತೆ ಸಕ್ಕರೆ. ಯಾವ ಲೋಟಕ್ಕೆ ಯಾವ ಹಾಲು ಅನ್ನೋದನ್ನು ಚೀಟಿ ಎತ್ತಿ ನಿರ್ಧಾರ ಮಾಡಿದ್ದಳು. ಅಜ್ಜಿ ಹಸುವಿನ ಹಾಲಿನದು ಅಂತ ನಾಲ್ಕು ಲೋಟ ತೋರಿಸಿದರು. ಮೂರು ಸರಿ, ಒಂದು ತಪ್ಪು.

ಸುಮ್ನೆ ಊಹಿಸಿದರೂ ಕನಿಷ್ಠ ಮೂರು ಸರಿ ಬರುವ ದಾರಿಗಳು 70ರಲ್ಲಿ 17. ಅಂದರೆ ಸುಮಾರು 0.24. ಇದಕ್ಕೇ ಪಿ-ವ್ಯಾಲ್ಯೂ ಅನ್ನುತ್ತಾರೆ. ಲೆಕ್ಕ ಅಚ್ಚುಕಟ್ಟಾಗಿ ಮಾಡಿದ್ದಳು. ಪತ್ರದ ಮೊದಲ ಸಾಲು: "ಅಜ್ಜಿ, ನಿನಗೆ ಹಾಲಿನ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದು ಸಾಬೀತಾಗಿದೆ."

ನಾನು ಕೆಂಪು ಗೆರೆ ಎಳೆಯಲಿಲ್ಲ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆದೆ: "ಅಜ್ಜಿಗೆ ನಿಜವಾಗಿಯೂ ಗೊತ್ತಾಗುತ್ತಿದ್ದು, ಒಂದು ಲೋಟದಲ್ಲಿ ಮಾತ್ರ ಎಡವಿದ್ದರೆ, ಆಗಲೂ ಇದೇ ಫಲಿತಾಂಶ ಬರುತ್ತಿತ್ತಾ?"

ಎರಡನೇ ಸಲ ಬರೆದಳು: "ಅಜ್ಜಿ, ನೀನು ಊಹೆ ಮಾಡಿ ಹೇಳಿರುವ ಸಂಭವ ನೂರಕ್ಕೆ 24." ಇದೂ ತಪ್ಪು. ಆದರೆ ಇದು ದೊಡ್ಡ ದೊಡ್ಡವರು ಮಾಡುವ ತಪ್ಪು. ಅಮೆರಿಕದ ಸಂಖ್ಯಾಶಾಸ್ತ್ರ ಸಂಘ 2016ರಲ್ಲಿ ಪಿ-ವ್ಯಾಲ್ಯೂ ಬಗ್ಗೆ ಹೇಳಿಕೆಯನ್ನೇ ಹೊರಡಿಸಬೇಕಾಯಿತು. ನಾವು ಇಟ್ಟುಕೊಂಡ ಊಹೆ ನಿಜವಾಗಿರುವ ಸಂಭವ ಎಷ್ಟು ಅಂತ ಪಿ-ವ್ಯಾಲ್ಯೂ ಹೇಳುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಸಂಶೋಧಕರಿಗೇ ಹೀಗೆ ನೆನಪಿಸಬೇಕಾಗಿದ್ದರೆ, ಇಪ್ಪತ್ತು ವರ್ಷದ ಹುಡುಗಿ ಎಡವಿದ್ದರಲ್ಲಿ ಏನು ಆಶ್ಚರ್ಯ? ಅವಳನ್ನು ಕೂರಿಸಿಕೊಂಡು, 70 ದಾರಿಗಳನ್ನು ಎಣಿಸುವಾಗ ನೀನು ಮೊದಲೇ ಏನು ಅಂದುಕೊಂಡು ಎಣಿಸಿದೆ ಅಂತ ಕೇಳಿದೆ. ಅಜ್ಜಿ ಊಹಿಸುತ್ತಿದ್ದಾರೆ ಅಂದುಕೊಂಡು, ಅಂದಳು. ಹೇಳುತ್ತಿದ್ದ ಹಾಗೇ ಅವಳ ಮುಖ ಬದಲಾಯಿತು. ಮೊದಲೇ ಅಂದುಕೊಂಡದ್ದರ ಸಂಭವವನ್ನು ಆ ಲೆಕ್ಕವೇ ಹೇಗೆ ಕೊಟ್ಟೀತು?

ಮೂರನೇ ಪತ್ರ: "ಅಜ್ಜಿ, ನೀನು ಹೇಳಿದ್ದು ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಏನೂ ಗೊತ್ತಾಗದವರು ಸುಮ್ನೆ ಕಣ್ಣುಮುಚ್ಚಿ ತೋರಿಸಿದರೂ ಹೆಚ್ಚುಕಡಿಮೆ ನಾಲ್ಕು ಸಲಕ್ಕೆ ಒಂದು ಸಲ ಇಷ್ಟು ಸರಿ ಬಂದುಬಿಡುತ್ತೆ. ಅದಕ್ಕೆ ಈ ಎಂಟು ಲೋಟ ನೋಡಿ ನಿನಗೆ ಗೊತ್ತಾಗುತ್ತೆ ಅಂತಲೂ ಹೇಳಕ್ಕಾಗಲ್ಲ, ಗೊತ್ತಾಗಲ್ಲ ಅಂತಲೂ ಹೇಳಕ್ಕಾಗಲ್ಲ."

ಈ ಮೂರು ಪತ್ರಗಳನ್ನು ನಾನು ಜೋಪಾನವಾಗಿ ಇಟ್ಟಿದ್ದೇನೆ. ಮೂರರಲ್ಲೂ ಲೆಕ್ಕ ಒಂದೇ, ಉತ್ತರ ಒಂದೇ. ಪರೀಕ್ಷೆಯಲ್ಲಾಗಿದ್ದರೆ ಮೂರಕ್ಕೂ ಒಂದೇ ಅಂಕ ಬರುತ್ತಿತ್ತು.

ಇದಕ್ಕೆಲ್ಲ ಸಮಯ ಎಲ್ಲಿಂದ ಬಂತು ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಾಠದ ಹೊರೆ ಕಡಿಮೆಯಾಗಿಲ್ಲ. ಒಂದೊಂದು ಅಧ್ಯಾಯಕ್ಕೆ ಐದು ಲೆಕ್ಕ ಬೋರ್ಡಿನ ಮೇಲೆ ಮಾಡುತ್ತಿದ್ದೆ, ಈಗ ಮೂರು ಮಾಡುತ್ತೇನೆ. ಉಳಿದ ಸಮಯ ಬರೆಯಲು. 48 ಮಕ್ಕಳ ಹಾಳೆಯನ್ನು ಪ್ರತಿ ವಾರ ಓದಲು ಆಗುವುದಿಲ್ಲ. ಒಂದು ವಾರ ಮೂರನೇ ಒಂದು ಭಾಗ ನಾನು ಓದುತ್ತೇನೆ, ಉಳಿದದ್ದನ್ನು ಅವರೇ ಅದಲುಬದಲು ಮಾಡಿಕೊಂಡು ಓದುತ್ತಾರೆ. ಓದಿದವರು ಒಂದೇ ಒಂದು ಪ್ರಶ್ನೆ ಬರೆದು ವಾಪಸ್ ಕೊಡಬೇಕು. ತಿದ್ದುವ ಹಾಗಿಲ್ಲ. ಮೊದಲ ವರ್ಷ ನಾನು ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ಎಲ್ಲ ತಿದ್ದಿದ್ದೆ. ಮುಂದಿನ ವಾರ ಹತ್ತು ಸಾಲು ಬರೆಯುತ್ತಿದ್ದವರು ನಾಲ್ಕು ಸಾಲು ಬರೆದರು. ತಿದ್ದುವುದನ್ನು ನಿಲ್ಲಿಸಿದೆ. ನಾನು ನೋಡುವುದು ಈ ವಾಕ್ಯ ಯಾರ ಬಗ್ಗೆ ಹೇಳುತ್ತಿದೆ, ಎಷ್ಟು ಗಟ್ಟಿಯಾಗಿ ಹೇಳುತ್ತಿದೆ, ಅಷ್ಟು ಗಟ್ಟಿಯಾಗಿ ಹೇಳುವಷ್ಟು ಆಧಾರ ಕೈಯಲ್ಲಿದೆಯಾ ಅಂತ.

ಎಲ್ಲರಿಗೂ ಇದು ಒಗ್ಗಿತು ಅಂತ ಹೇಳಲಾರೆ. ಲೆಕ್ಕದಲ್ಲಿ ತುಂಬ ಚುರುಕಾಗಿದ್ದ ಒಬ್ಬ ಹುಡುಗ ಮೂರು ವಾರ ಖಾಲಿ ಹಾಳೆ ಕೊಟ್ಟ. ಸೋಮಾರಿತನ ಅಂದುಕೊಂಡಿದ್ದೆ. ಸ್ಟಾಫ್ ರೂಮಿಗೆ ಕರೆದು, ಬರೀಬೇಡ, ಬಾಯಲ್ಲಿ ಹೇಳು ಅಂದೆ. ಹೇಳತೊಡಗಿದ. ಎಷ್ಟು ಚೆನ್ನಾಗಿ ಹೇಳಿದ! ನಾನು ಅವನ ಮಾತನ್ನು ಹಾಗೇ ಬರೆದುಕೊಂಡು ಓದಿ ತೋರಿಸಿದೆ. "ಇದನ್ನು ಹೀಗೇ ಬರೀಬಹುದಾ ಮೇಡಂ?" ಅಂತ ಕೇಳಿದ. ಬರಹ ಅಂದರೆ ಬೇರೆಯೇ ಭಾಷೆ ಬೇಕು ಅಂತ ಯಾರೋ ಅವನಿಗೆ ಚಿಕ್ಕಂದಿನಲ್ಲೇ ಕಲಿಸಿಬಿಟ್ಟಿದ್ದರು.

ಈಚೆಗೆ ಮೊಬೈಲಿನಲ್ಲಿ ಚಾಟ್‌ಜಿಪಿಟಿಯಿಂದ ಬರೆಸಿಕೊಂಡು ಬರುವುದೂ ಇದೆ. ನುಣುಪಾದ ಬರಹ. ಆದರೆ ಅದರಲ್ಲಿ ಅಜ್ಜಿ ಇರುವುದಿಲ್ಲ, ಕ್ರಾಸಿನ ಬಸ್ಸು ಇರುವುದಿಲ್ಲ. ನಾನು ಗಲಾಟೆ ಮಾಡುವುದಿಲ್ಲ. ಮೊದಲ ಕರಡು ತರಗತಿಯಲ್ಲೇ, ಕೈಯಲ್ಲೇ, ಹದಿನೈದು ನಿಮಿಷದಲ್ಲಿ ಆಗಬೇಕು ಅಂತ ಮಾಡಿದ್ದೇನೆ. ದತ್ತಾಂಶ ಅವರ ಮನೆಯದೋ ಊರಿನದೋ ಆಗಿರಬೇಕು.

ಪ್ರತಿ ಹಾಳೆಯ ಕೊನೆಯಲ್ಲಿ ಒಂದು ಪ್ರಶ್ನೆ ಬರೆಯಬೇಕು ಅನ್ನೋ ನಿಯಮವೂ ಇದೆ. ತನಗೆ ಇನ್ನೂ ಅರ್ಥವಾಗದ್ದು ಏನು ಅಂತ. ಮಕ್ಕಳು ಇದಕ್ಕೆ ಹಿಂಜರಿಯುತ್ತಾರೆ. ಗೊತ್ತಿಲ್ಲ ಅಂತ ಬರೆದರೆ ಅಂಕ ಹೋಗುತ್ತದೆ ಅನ್ನೋ ಭಯ. ಅವರಿಗೆ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಕಥೆ ಹೇಳುತ್ತೇನೆ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದವರು, 2023ರಲ್ಲಿ ತೀರಿಕೊಂಡರು. ಕಲ್ಕತ್ತದಲ್ಲಿ ಎಂ.ಎ. ತರಗತಿಗೆ ಪಾಠ ಮಾಡುತ್ತಿದ್ದಾಗ ಅವರಿಗಿನ್ನೂ ಇಪ್ಪತ್ತನಾಲ್ಕರ ಆಸುಪಾಸು. ದೊಡ್ಡ ಮಾದರಿಗಳಿಗೆ, ಅಂದರೆ ತುಂಬ ಸಂಖ್ಯೆಗಳನ್ನು ಆರಿಸಿಕೊಂಡಾಗ, ಫಿಶರ್ ತೋರಿಸಿದ ಒಂದು ಫಲಿತಾಂಶ ಹೇಳುತ್ತಿದ್ದರು. ವಿ.ಎಂ. ದಾಂಡೇಕರ್ ಅನ್ನೋ ವಿದ್ಯಾರ್ಥಿ ಎದ್ದು, ಚಿಕ್ಕ ಮಾದರಿಗೂ ಇದು ಹೊಂದುತ್ತದಾ ಅಂತ ಕೇಳಿದರು. ರಾವ್ ಮನೆಗೆ ಹೋಗಿ ರಾತ್ರಿ ಕೂತು ಅದನ್ನು ಬಿಡಿಸಿದರು. 1945ರಲ್ಲಿ ಪ್ರಕಟವಾದ ಆ ಕೆಲಸವನ್ನು, ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಹುದು ಅಂತ ಮಿತಿ ಹೇಳುವುದನ್ನು, ಜಗತ್ತು ಇವತ್ತು ಕ್ರಾಮರ್-ರಾವ್ ಅಸಮತೆ ಅಂತ ಓದುತ್ತದೆ. ಆ ಪ್ರಶ್ನೆ ಕೇಳಿದ ದಾಂಡೇಕರ್ ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞರಾದರು. ಗೊತ್ತಿಲ್ಲದ್ದನ್ನು ಕೇಳಿದ್ದಕ್ಕೆ ಯಾರ ಅಂಕವೂ ಹೋಗಲಿಲ್ಲ ಅಂತ ಹೇಳಿದರೆ ಮಕ್ಕಳು ಸ್ವಲ್ಪ ಧೈರ್ಯ ಮಾಡುತ್ತಾರೆ.

ಕಾಫಿಯ ಹುಡುಗಿ ತನ್ನ ಮೂರನೇ ಪತ್ರವನ್ನು ಅಜ್ಜಿಗೆ ಓದಿ ಹೇಳಿದಳಂತೆ. ಅಜ್ಜಿ ಪೂರ್ತಿ ಕೇಳಿಸಿಕೊಂಡು, "ಎಂಟು ಲೋಟದಲ್ಲಿ ಗೊತ್ತಾಗ್ಲಿಲ್ಲ ಅಂದ್ರೆ ಹನ್ನೆರಡು ಮಾಡು" ಅಂದರಂತೆ. ಅವಳು ಮಾರನೇ ದಿನ ಬೆಳಿಗ್ಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಹನ್ನೆರಡು ಲೋಟ, ಆರು ಆರು. ಎಷ್ಟು ದಾರಿ ಇವೆ ಅಂತ ಇಬ್ಬರೂ ಕೂತು ಎಣಿಸಿದೆವು. 924. ಆರಕ್ಕೆ ಆರೂ ಸರಿ ಬರುವುದು ಒಂದು ದಾರಿ. ಐದು ಸರಿ, ಒಂದು ತಪ್ಪು ಬರುವುದು 36 ದಾರಿ. ಕೂಡಿದರೆ 924ರಲ್ಲಿ 37, ಅಂದರೆ ನೂರಕ್ಕೆ ನಾಲ್ಕು. ಬರೀ ಅದೃಷ್ಟ ಅಂತ ತಳ್ಳಿಹಾಕಲಾಗದು ಅನ್ನಲು ಫಿಶರ್ 1925ರಲ್ಲಿ ಅನುಕೂಲಕ್ಕೆ ಅಂತ ಇಟ್ಟುಕೊಂಡ ನೂರಕ್ಕೆ ಐದರ ಗೆರೆಗಿಂತ ಕೆಳಗೆ.

ಅವಳು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. "ಅಂದ್ರೆ ಈ ಸಲ ಅಜ್ಜಿ ಒಂದು ತಪ್ಪಿದ್ರೂ ನಡೆಯುತ್ತೆ ಅಲ್ವಾ ಮೇಡಂ? ಎಂಟು ಲೋಟ ಇಟ್ಟು ನಾನೇ ಅಜ್ಜಿಗೆ ಅನ್ಯಾಯ ಮಾಡಿದ್ದೆ."

ಇದನ್ನೂ ಪತ್ರದಲ್ಲಿ ಬರೀ ಅಂದೆ.

ಬರುವ ಭಾನುವಾರ ಬೆಳಿಗ್ಗೆ ಪರೀಕ್ಷೆ. ಪತ್ರ ಓದಿಸಿಕೊಂಡ ಅಜ್ಜಿ ಒಂದು ಷರತ್ತು ಹಾಕಿದ್ದಾರೆ. ಹನ್ನೆರಡನೇ ಲೋಟಕ್ಕೆ ಬರುವಷ್ಟರಲ್ಲಿ ಕಾಫಿ ಆರಿರಬಾರದು, ಎಲ್ಲವೂ ಒಂದೇ ಬಿಸಿ ಇರಬೇಕು. ಅದು ಹೇಗೆ ಮಾಡೋದು ಅಂತ ಹುಡುಗಿ ಈಗ ಯೋಚನೆ ಮಾಡುತ್ತಿದ್ದಾಳೆ.